ಅಕ್ಕಿ ಇದೆ, ಬೇಯಿಸೋದು ಯಾತರಲ್ಲಿ?

ಕೇಳುಗರಿಗೆಲ್ಲ ನಮಸ್ಕಾರ. ಅಡುಗೆಮನೆಯಲ್ಲಿ ಇರುವವರು ರೇಡಿಯೋ ಸ್ವಲ್ಪ ಜೋರು ಮಾಡಿಕೊಳ್ಳಿ. ಇವತ್ತಿನ ಮಾತು ಎಲ್ಲರಿಗಿಂತ ಬೇಗ ನಿಮಗೇ ಅರ್ಥವಾಗುತ್ತದೆ.

ಕಷ್ಟದಲ್ಲಿರುವ ಮನೆಗೆ ನೆರವಾಗಬೇಕೇ? ಆ ಮನೆಯ ತಾಯಿಯ ಕೈಗೆ ದುಡ್ಡು ಕೊಡಿ. ನಾನು ಹೇಳಲು ಬಂದದ್ದು ಇಷ್ಟೇ.

2022ರ ಶ್ರೀಲಂಕಾ ನೆನಪಿದೆ ಅಲ್ವಾ? ಹಿಂದಿನ ವರ್ಷ ರಸಗೊಬ್ಬರದ ಆಮದು ನಿಲ್ಲಿಸಿದ್ದರು, ಭತ್ತದ ಬೆಳೆ ಕುಸಿದಿತ್ತು. ಏಪ್ರಿಲ್‌ನಲ್ಲಿ ಹೊರದೇಶದ ಸಾಲ ಕಟ್ಟಲಾರೆವು ಎಂದು ಸರ್ಕಾರವೇ ಹೇಳಿತು. ಡಾಲರ್ ಇಲ್ಲ, ಹಾಗಾಗಿ ಪೆಟ್ರೋಲ್, ಗ್ಯಾಸ್, ಔಷಧಿ ಯಾವುದೂ ಸಿಗುತ್ತಿರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಊಟದ ಸಾಮಾನಿನ ಬೆಲೆ ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟಾಯಿತು.

ಆ ಜೂನ್‌ನಲ್ಲಿ ನಾನು ಕೊಲಂಬೊದಲ್ಲಿದ್ದೆ. ಬಸುರಿಯರ, ಮಕ್ಕಳ ಆಹಾರದ ಕೆಲಸ ನನ್ನದು. ಒಂದೇ ಕೋಣೆಯ ಒಂದು ಮನೆಗೆ ಹೋದೆ. ಏಳು ತಿಂಗಳ ಬಸುರಿ, ಜೊತೆಗೆ ನಾಲ್ಕು ವರ್ಷದ ಮಗ. ಗಂಡ ಆಟೋ ಓಡಿಸುವವನು, ಹಿಂದಿನ ದಿನದಿಂದ ಪೆಟ್ರೋಲ್ ಸಾಲಿನಲ್ಲೇ ಇದ್ದ. ಮೂಲೆಯಲ್ಲಿ ಯಾರೋ ದಾನಿಗಳು ಕೊಟ್ಟ ಅಕ್ಕಿ, ಬೇಳೆ. ಚೀಲದ ಹೊಲಿಗೆಯನ್ನೂ ಬಿಚ್ಚಿರಲಿಲ್ಲ. "ಯಾಕಮ್ಮಾ, ಅಡುಗೆ ಮಾಡಿಲ್ವಾ?" ಎಂದು ತಮಿಳಿನಲ್ಲಿ ಕೇಳಿದೆ. ಅವಳು ಸಿಲಿಂಡರನ್ನು ಕಾಲಿನಿಂದ ಮೆಲ್ಲಗೆ ತಳ್ಳಿದಳು. ಅದು ಠಣ್ ಎಂದು ಉರುಳಿತು. "ಬೇಯಿಸೋದು ಯಾತರಲ್ಲಿ ಅಕ್ಕಾ?" ಎಂದಳು. ಮಗ ಬೆಳಿಗ್ಗೆಯಿಂದ ಬಿಸ್ಕತ್ತು, ಹಾಲಿಲ್ಲದ ಚಹಾದಲ್ಲೇ ಇದ್ದ.

ಎರಡು ವಾರ ಬಿಟ್ಟು ಮತ್ತೆ ಹೋದೆ. ಅಷ್ಟರಲ್ಲಿ ಅವಳ ಕೈಗೆ ಒಂದಿಷ್ಟು ದುಡ್ಡು ಸೇರಿತ್ತು. ಮೊದಲು ಏನು ತಂದಳು ಗೊತ್ತಾ? ಸೌದೆ! ಆಮೇಲೆ ಒಂದು ತೆಂಗಿನಕಾಯಿ, ಒಣಮೀನು, ಮಗನಿಗೆ ನಾಲ್ಕು ಮೊಟ್ಟೆ. ಹೊರಗೆ ಮೂರು ಕಲ್ಲಿಟ್ಟು, ಪಕ್ಕದ ಮನೆಯವಳ ಜೊತೆ ಸೇರಿ ಒಂದೇ ಒಲೆ ಹಚ್ಚಿದ್ದಳು. ನಮ್ಮ ಯಾರ ಪಟ್ಟಿಯಲ್ಲೂ ಸೌದೆ ಇರಲಿಲ್ಲ.

"ದುಡ್ಡು ಕೊಟ್ಟರೆ ಪೋಲು ಮಾಡಲ್ವಾ ಮೇಡಂ?" ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ದಯವಿಟ್ಟು ಇನ್ನು ಕೇಳಬೇಡಿ. ದಿನದ ಗಳಿಕೆಯಲ್ಲೇ ಮನೆ ತೂಗಿಸುವವಳಿಗೆ ನಾವು ಲೆಕ್ಕ ಹೇಳಿಕೊಡಬೇಕಾ?

ತಮಿಳುನಾಡು ಆಗ 40,000 ಟನ್ ಅಕ್ಕಿ ಕಳಿಸಲು ಮುಂದಾಯಿತು. ಒಳ್ಳೆಯ ಕೆಲಸ, ಅಂಗಡಿಯಲ್ಲಿ ಅಕ್ಕಿ ಇರಬೇಕಲ್ಲ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಕೊಲಂಬೊದ ಬಡ ಬಸುರಿಯರಿಗೆ ತಿಂಗಳಿಗೆ 15,000 ಲಂಕಾ ರೂಪಾಯಿಯ ವೋಚರ್, ಅಂದರೆ ಊಟದ ಸಾಮಾನು ಕೊಳ್ಳುವ ಚೀಟಿ, ಕೊಟ್ಟಿತು. ಅದು ನನಗೆ ಇನ್ನೂ ಇಷ್ಟವಾಯಿತು. ಯಾವ ಊಟದ ಸಾಮಾನು ಕೊಳ್ಳಬೇಕು ಎಂದು ತಾಯಿಯೇ ಆರಿಸಬಹುದಿತ್ತು.

ಸಮಯವಾಯಿತು ಎನ್ನುತ್ತಿದ್ದಾರೆ. ಅಲ್ಲಿನ ತ್ರಿಪೋಷದ ಬಗ್ಗೆಯೂ ಹೇಳಬೇಕಿತ್ತು. ಬಸುರಿಯರಿಗೆ, ಮಕ್ಕಳಿಗೆ ಸರ್ಕಾರ ಕೊಡುವ ಹಿಟ್ಟು ಅದು. ಮೆಕ್ಕೆಜೋಳದ ಕೊರತೆಯಿಂದ ಅದಕ್ಕೂ ಅಡಚಣೆಯಾಗಿತ್ತು. ಆಗಲೂ ಕೈಯಲ್ಲಿ ದುಡ್ಡಿದ್ದ ತಾಯಿ ಹಿಡಿ ಹೆಸರುಕಾಳನ್ನಾದರೂ ತಂದಳು. ನಮಸ್ಕಾರ.