ಸಹಿಗೆ ಮುಂಚಿನ ವಿಚಾರಣೆ

ಕೇಳುಗರಿಗೆ ನಮಸ್ಕಾರ.

ಇಂಡೋನೇಷ್ಯಾದ ಸರ್ಕಾರಿ ಆದೇಶವೊಂದನ್ನು ಕೈಗೆತ್ತಿಕೊಳ್ಳಿ. ಹಾಳೆಯ ಮೇಲ್ಭಾಗದಲ್ಲಿ ‘ಮೆನಿಂಬಾಂಗ್’ ಎಂದಿರುತ್ತದೆ. ತಕ್ಕಡಿಯಲ್ಲಿ ತೂಗುವುದಕ್ಕೂ ಅಲ್ಲಿ ಇದೇ ಮಾತು. ಯಾವ ಯಾವ ಸಂಗತಿಯನ್ನು ತೂಗಿ ನೋಡಿದೆವು ಎಂದು ಅಧಿಕಾರಿ ಇಲ್ಲಿ ಬರೆಯಬೇಕು. ಅದರ ಕೆಳಗೆ ‘ಮೆಂಗಿಂಗಾತ್’, ನೆನೆದ ಕಾನೂನುಗಳ ಪಟ್ಟಿ. ಆಮೇಲೆ ‘ಮೆಮುತುಸ್ಕಾನ್’, ತೀರ್ಮಾನ.

ಕಾನೂನುಗಳ ಪಟ್ಟಿ ಉದ್ದವಿದ್ದು, ತೂಗಿದ ಸಂಗತಿ ಒಂದೇ ಸಾಲಿನದಾಗಿದ್ದರೆ ಅನುಮಾನಪಡಬೇಕು. ಅಂಗಡಿಯೊಂದರ ಪರವಾನಗಿ ರದ್ದಾಗಿದೆ ಎನ್ನೋಣ. ಕಾರಣದ ಜಾಗದಲ್ಲಿ ‘ನಿಯಮ ಉಲ್ಲಂಘನೆ’ ಎಂದಷ್ಟೇ ಇದೆ. ತಪಾಸಣೆಗೆ ಯಾರು ಹೋಗಿದ್ದರು, ಯಾವ ದಿನ, ಅಲ್ಲಿ ಏನು ಕಂಡರು, ಅಂಗಡಿಯವರು ಏನು ಉತ್ತರ ಕೊಟ್ಟರು, ಒಂದೂ ಇಲ್ಲ. ಇಂಥ ಆದೇಶಕ್ಕೆ ಮೊಹರು ಎಷ್ಟೇ ದೊಡ್ಡದಿದ್ದರೂ ಕೆಳಗೆ ಬುನಾದಿಯಿಲ್ಲ.

ಆ ದೇಶದ ಸರ್ಕಾರಿ ಆಡಳಿತ ಕಾನೂನು 2014ರ 30ನೇ ಸಂಖ್ಯೆಯದು. ಅದರ 10ನೇ ವಿಧಿ ಉತ್ತಮ ಆಡಳಿತಕ್ಕೆ ಎಂಟು ತತ್ವಗಳನ್ನು ಹೇಳುತ್ತದೆ: ಕಾನೂನಿನ ಖಚಿತತೆ, ಪ್ರಯೋಜನ, ನಿಷ್ಪಕ್ಷಪಾತ, ಎಚ್ಚರಿಕೆಯ ಪರಿಶೀಲನೆ, ಅಧಿಕಾರ ದುರುಪಯೋಗ ಮಾಡದಿರುವುದು, ಪಾರದರ್ಶಕತೆ, ಸಾರ್ವಜನಿಕ ಹಿತ, ಒಳ್ಳೆಯ ಸೇವೆ. ನನ್ನ ಮಟ್ಟಿಗೆ ಇವುಗಳ ಪೈಕಿ ಪರಿಶೀಲನೆಯೇ ತಾಯಿಬೇರು. ಅದು ತಪ್ಪಿದರೆ ಉಳಿದ ಏಳೂ ಕಾಗದದ ಮೇಲಷ್ಟೇ ಉಳಿಯುತ್ತವೆ.

ಇಸ್ಲಾಮೀ ಧರ್ಮಶಾಸ್ತ್ರ ಈ ಪರಿಶೀಲನೆಯನ್ನು ‘ತಬಯ್ಯುನ್’ ಎನ್ನುತ್ತದೆ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಮೊದಲು ವಿಚಾರಿಸಿ ನೋಡಿ, ಇಲ್ಲವಾದರೆ ತಿಳಿಯದೆ ಜನರಿಗೆ ಕೇಡು ಮಾಡಿ ಆಮೇಲೆ ಪರಿತಪಿಸಬೇಕಾದೀತು ಎಂಬುದು ಕುರ್‌ಆನಿನ 49ನೇ ಅಧ್ಯಾಯದ 6ನೇ ವಚನದ ಸಾರ. ಹೆಸರಿಲ್ಲದ ದೂರುಪತ್ರವೊಂದನ್ನೇ ನೆಚ್ಚಿ ಪರವಾನಗಿ ರದ್ದು ಮಾಡುವವರಿಗೆ ಈ ಮಾತು ನೇರವಾಗಿ ತಗಲುತ್ತದೆ. ಅಲಿಯವರನ್ನು ನ್ಯಾಯ ಹೇಳಲು ಯಮನ್‌ಗೆ ಕಳಿಸುವಾಗ ಪ್ರವಾದಿ ಮುಹಮ್ಮದರು, ಎರಡನೆಯವನ ಮಾತು ಕೇಳುವವರೆಗೆ ಮೊದಲನೆಯವನ ಪರ ತೀರ್ಪು ಕೊಡಬೇಡ ಎಂದದ್ದು ಹದೀಸಿನಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಗಳ ವರದಿಯಲ್ಲಿ, ಇದೆ. ಇಂಡೋನೇಷ್ಯಾದ ಕಾನೂನೂ ಜನರ ಮೇಲೆ ಹೊರೆ ಬೀಳುವ ಆದೇಶಕ್ಕೆ ಮೊದಲು ಸಂಬಂಧಪಟ್ಟವರಿಗೆ ತಿಳಿಸಬೇಕು ಎನ್ನುತ್ತದೆ.

ಇನ್ನು ಉದ್ದೇಶದ ಪ್ರಶ್ನೆ. ಪ್ರಜೆಗಳ ವಿಚಾರದಲ್ಲಿ ಆಳುವವನು ಮಾಡುವ ಕೆಲಸ ಪ್ರಜೆಗಳ ಹಿತಕ್ಕೆ ಕಟ್ಟುಬಿದ್ದದ್ದು ಎಂಬುದು ಇಸ್ಲಾಮೀ ಧರ್ಮಶಾಸ್ತ್ರದ ಹಳೆಯ ಸೂತ್ರ. ಆಟೊಮನ್ನರ ಸಿವಿಲ್ ಸಂಹಿತೆ ‘ಮಜಲ್ಲಾ’ದ 58ನೇ ವಿಧಿಯಾಗಿಯೂ ಅದು ಸೇರಿತು. 2014ರ ಕಾನೂನಿನ 17ನೇ ವಿಧಿ ಮೂರು ಬಗೆಯ ದುರುಪಯೋಗವನ್ನು ಹೆಸರಿಸುತ್ತದೆ: ಅಧಿಕಾರ ಮೀರುವುದು, ಅಧಿಕಾರ ಬೆರೆಸುವುದು, ಮನಬಂದಂತೆ ನಡೆಯುವುದು. ಎರಡನೆಯದು ಕಣ್ಣಿಗೆ ಬೀಳುವುದು ಕಷ್ಟ. ಕಟ್ಟಡದ ಸುರಕ್ಷತೆಗೆಂದು ಕೊಟ್ಟ ಅಧಿಕಾರವನ್ನು ಬೇಡದ ಬಾಡಿಗೆದಾರನನ್ನು ಎಬ್ಬಿಸಲು ಬಳಸಿದರೆ, ಕಡತದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಒಂದು ಮಾತು ಸ್ಪಷ್ಟವಿರಲಿ. ಧರ್ಮದ ಸೂತ್ರ ಅಧಿಕಾರಿಯ ಅಂತಃಸಾಕ್ಷಿಯನ್ನು ಹಿಡಿಯುತ್ತದೆ. ಆಡಳಿತ ನ್ಯಾಯಾಲಯದಲ್ಲಿ ಆದೇಶ ಬಿದ್ದುಹೋಗಬೇಕಾದರೆ ದೇಶದ ಕಾನೂನೇ ಆಧಾರವಾಗಬೇಕು. ಅಲ್ಲಿ ನೋಡುವುದು ಮೂರನ್ನು: ಅಧಿಕಾರ ಇತ್ತೇ, ಕ್ರಮ ಪಾಲಿಸಿದ್ದಾರೆಯೇ, ಒಳಗಿನ ವಿಷಯ ಸರಿಯಿದೆಯೇ. ಅಧಿಕಾರವೇ ಇಲ್ಲದವರು ಹೊರಡಿಸಿದ ಆದೇಶ ಅಸಿಂಧು. ಕ್ರಮದಲ್ಲಿ ಅಥವಾ ವಿಷಯದಲ್ಲಿ ದೋಷವಿದ್ದರೆ ಅದನ್ನು ರದ್ದುಪಡಿಸಬಹುದು.

ದಿನಗಳ ಲೆಕ್ಕ ತಪ್ಪಿದವರು ಗೆಲ್ಲುವ ಪ್ರಕರಣವನ್ನೂ ಸೋಲುತ್ತಾರೆ. ಆದೇಶ ಪ್ರಕಟವಾದ 21 ಕೆಲಸದ ದಿನಗಳೊಳಗೆ ಅದೇ ಅಧಿಕಾರಿಗೆ ಆಕ್ಷೇಪಣೆ ಸಲ್ಲಿಸಬೇಕು. ಅವರು 10 ಕೆಲಸದ ದಿನಗಳಲ್ಲಿ ಇತ್ಯರ್ಥ ಮಾಡಬೇಕು. ಒಪ್ಪಿಗೆಯಾಗದಿದ್ದರೆ ಮತ್ತೆ 10 ಕೆಲಸದ ದಿನಗಳೊಳಗೆ ಮೇಲಧಿಕಾರಿಗೆ ಮೇಲ್ಮನವಿ. ನ್ಯಾಯಾಲಯಕ್ಕೆ ಹೋಗಲು 90 ದಿನಗಳ ಗಡುವು. ಪತ್ರ ಕೈಗೆ ಬಂದ ದಿನದ ಸ್ವೀಕೃತಿಯನ್ನು ಜೋಪಾನವಾಗಿಡಿ.

ಅಧಿಕಾರಿ ಬಾಯೇ ಬಿಡದಿದ್ದರೆ? 1986ರ ಆಡಳಿತ ನ್ಯಾಯಾಲಯ ಕಾನೂನು ಮೌನವನ್ನು ನಿರಾಕರಣೆ ಎಂದು ಓದುತ್ತಿತ್ತು. 2014ರ ಕಾನೂನು ಅದನ್ನು ತಿರುಗಿಸಿತು: ಬೇರೆ ಗಡುವು ಇಲ್ಲದಿದ್ದರೆ, ಪೂರ್ಣ ಅರ್ಜಿ ತಲುಪಿದ 10 ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಅರ್ಜಿ ಮಂಜೂರಾದಂತೆ. 2020ರಲ್ಲಿ ಈ ಗಡುವು 5 ಕೆಲಸದ ದಿನಗಳಿಗೆ ಇಳಿಯಿತು, ಆದರೆ ಮಂಜೂರಾತಿಯನ್ನು ನ್ಯಾಯಾಲಯದಿಂದ ದೃಢಪಡಿಸಿಕೊಳ್ಳುವ ದಾರಿಯನ್ನು ಕೈಬಿಡಲಾಯಿತು. ಇದು ಹಿಂದಕ್ಕಿಟ್ಟ ಹೆಜ್ಜೆ ಎಂದೇ ನನ್ನ ಅಭಿಪ್ರಾಯ. ಮಂಜೂರಾಗಿದೆ ಎಂದು ತೋರಿಸಲು ಅರ್ಜಿದಾರನ ಕೈಯಲ್ಲಿ ಒಂದು ಹಾಳೆಯಾದರೂ ಬೇಡವೇ?

ಅನೇಕ ಆದೇಶಗಳ ಕೊನೆಯಲ್ಲಿ, ಮುಂದೆ ತಪ್ಪು ಕಂಡುಬಂದರೆ ತಕ್ಕಂತೆ ಸರಿಪಡಿಸಲಾಗುವುದು ಎಂಬ ಸಿದ್ಧ ವಾಕ್ಯವಿರುತ್ತದೆ. ಪರಿಶೀಲಿಸದೆ ಸಹಿ ಹಾಕಲು ಅದು ರಹದಾರಿಯಲ್ಲ. ನಿಜವಾಗಿ ತಪ್ಪು ಗೊತ್ತಾದಾಗ ತಿದ್ದುವುದಕ್ಕೆ ಅವಮಾನಪಡಬೇಕಿಲ್ಲ. ನಿನ್ನೆ ಕೊಟ್ಟ ತೀರ್ಪು ಇಂದು ಸತ್ಯದ ಕಡೆಗೆ ಮರಳದಂತೆ ನಿನ್ನನ್ನು ತಡೆಯದಿರಲಿ ಎಂಬ ಮಾತು, ಖಲೀಫ ಉಮರ್ ಅವರು ತಮ್ಮ ಅಧಿಕಾರಿ ಅಬೂ ಮೂಸಾ ಅಲ್ ಅಶ್‌ಅರಿಯವರಿಗೆ ಬರೆದರೆಂದು ಪರಂಪರೆ ಹೇಳುವ ಪತ್ರದಲ್ಲಿದೆ. 2014ರ ಕಾನೂನು ಇದಕ್ಕೂ ದಿನ ಗೊತ್ತುಮಾಡಿದೆ: ರದ್ದತಿಗೆ ಆಧಾರ ಕಂಡುಬಂದರೆ, ಆದೇಶ ಹೊರಡಿಸಿದ ಅಧಿಕಾರಿ 5 ಕೆಲಸದ ದಿನಗಳೊಳಗೆ ಅದನ್ನು ಹಿಂಪಡೆಯಬೇಕು.

ನಮಸ್ಕಾರ.