ನಿಮ್ಮ ಹೊಲದ ಮಳೆಯನ್ನು ನೀವೇ ಅಳೆಯಿರಿ

ಕೇಳುಗರಿಗೆ ನಮಸ್ಕಾರ. ಮುಂದಿನ ವಾರ ಮಳೆ ಹೇಗಿರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನಿನ್ನೆ ನಿಮ್ಮ ಹೊಲಕ್ಕೆ ಎಷ್ಟು ಬಿತ್ತು ಎಂದು ನಾನು ಕೇಳಿದರೆ ಮಾತ್ರ ‘ಚೆನ್ನಾಗಿ ಬಂತು’ ಎನ್ನುತ್ತಾರೆ. ಚೆನ್ನಾಗಿ ಎಂದರೆ ಎಷ್ಟು?

ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಿ. ಅರಬ್ಬಿ ಸಮುದ್ರದ ತೇವಭರಿತ ಗಾಳಿ ಘಟ್ಟವನ್ನು ಏರುವಾಗ ತಣಿದು ಮಳೆಯಾಗಿ ಸುರಿದುಬಿಡುವುದರಿಂದ, ಜುಲೈನಲ್ಲಿ ಮೂಡಿಗೆರೆ, ಶೃಂಗೇರಿಗಳು ತೊಯ್ದು ತೊಪ್ಪೆಯಾಗಿರುವಾಗ, ಅದೇ ಜಿಲ್ಲೆಯ ಕಡೂರಿನ ರೈತರು ರಾಗಿ ಬಿತ್ತಲು ಹದ ಕಾಯುತ್ತಿರುತ್ತಾರೆ. ಇವೆರಡನ್ನೂ ಕೂಡಿಸಿ ತೆಗೆದ ಜಿಲ್ಲಾ ಸರಾಸರಿ ಯಾರ ಹೊಲಕ್ಕೂ ಬಿದ್ದ ಮಳೆಯಲ್ಲ.

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ತಮ್ಮ ತಂದೆಯ ಕಾಲದ ಮಳೆ ಪುಸ್ತಕವನ್ನು ನನಗೆ ತೋರಿಸಿದ್ದರು. ಮಿಲಿಮೀಟರಿನ ಗೊಡವೆಯೇ ಇಲ್ಲದ, ಇಂಚು ಮತ್ತು ಸೆಂಟಿನ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ಕಣದ ಬಳಿ ಒಂದು, ತೋಟದ ಕೆಳಗಿನ ಗದ್ದೆಯ ಅಂಚಿನಲ್ಲಿ ಇನ್ನೊಂದು ಮಾಪಕ ಇಟ್ಟಿದ್ದರು. ಒಂದೇ ದಿನ ಮೇಲೆ ಎರಡು ಇಂಚು, ಕೆಳಗೆ ಒಂದು ಇಂಚು ಹತ್ತು ಸೆಂಟು ಬರೆದಿತ್ತು. ‘ಇದನ್ನು ನೋಡದೆ ಗೊಬ್ಬರ ಹಾಕಿಸುವುದಿಲ್ಲ ಸಾರ್, ಹಾಕಿದರೆ ಹಳ್ಳಕ್ಕೇ ಹಾಕಿದ ಹಾಗೆ’ ಎಂದರು. ಮಾಸಿದ ಶಾಯಿಯ ಆ ಪುಟಗಳನ್ನು ತಿರುವುತ್ತಾ ನಾನು ಕಾಫಿಯನ್ನು ತಣಿಸಿಕೊಂಡು ಕುಡಿದೆ. ಒಬ್ಬ ಬೆಳೆಗಾರರಿಗೆ ಸಾಧ್ಯವಾದದ್ದು ಉಳಿದವರಿಗೇಕೆ ಸಾಧ್ಯವಿಲ್ಲ?

ಸಮಯ ಓಡುತ್ತಿದೆ, ಮುಂದಿನ ವಾರದ ಮಳೆಯ ಮಾತಿಗೆ ಬರುತ್ತೇನೆ. ನೀವು ಬಂಗಾಳ ಕೊಲ್ಲಿಯ ಸುದ್ದಿಯನ್ನು ಗಮನಿಸಬೇಕು. ಒಡಿಶಾ ತೀರದ ಬಳಿ ವಾಯುಭಾರ ಕುಸಿತ ಉಂಟಾಯಿತೆಂದು ಕೇಳಿದರೆ, ಪಡುವಣ ಗಾಳಿ ಬಿರುಸಾಗಿ ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆ ಜೋರಾಗುತ್ತದೆ ಎಂದು ತಿಳಿಯಿರಿ. ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ತಪ್ಪಲಿಗೆ ಸರಿಯಿತೆಂದರೆ ನಮಗೆ ಮಳೆ ಬಿಡುವು ಕೊಡುತ್ತದೆ. ಬಯಲುಸೀಮೆಯವರು ಆಗ ಎಡೆಕುಂಟೆ ಹೊಡೆದು, ಅಂದರೆ ಸಾಲುಗಳ ನಡುವಿನ ಮಣ್ಣು ಸಡಿಲಿಸಿ, ತೇವ ಉಳಿಸಿಕೊಳ್ಳಬೇಕು.

ಆದರೆ ಉಳಿಸಿಕೊಳ್ಳಲು ಎಷ್ಟಿದೆ ಎಂಬುದು ಅಳೆದವರಿಗೆ ಮಾತ್ರ ಗೊತ್ತು. ಹತ್ತು ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 40,000 ಲೀಟರ್ ನೀರು. ದುಬಾರಿ ಉಪಕರಣವೇ ಬೇಕೆಂದಿಲ್ಲ. ನೇರ ಗೋಡೆಯ, ಸಮತಟ್ಟಾದ ತಳದ ಡಬ್ಬಿ ಮತ್ತು ಶಾಲೆಯ ಅಡಿಕೋಲು ಸಾಕು. ಡಬ್ಬಿಯನ್ನು ಮರ, ಸೂರುಗಳಿಂದ ದೂರ ಬಯಲಲ್ಲಿಡಿ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು, ಬರೆದು, ನೀರು ಚೆಲ್ಲಿ ಮತ್ತೆ ಅಲ್ಲೇ ಇಡಿ. ನಮಸ್ಕಾರ.