ಸೇಂಟ್ ಆಂಡ್ರೂಸ್‌ನ ಮರಳುನೆಲದಲ್ಲಿ ಹದಿನೆಂಟು ಹೋಲ್

ಗಾಲ್ಫ್ ಮೈದಾನದ ಈ ವಿಡಿಯೊದಲ್ಲಿ ಈಗ ನೀವು ನೋಡುತ್ತಿರುವ ಹಳದಿ ಹೂವಿನ ಪೊದೆಗೆ ಇಲ್ಲಿಯವರು ಗೋರ್ಸ್ ಎನ್ನುತ್ತಾರೆ. ಮೈತುಂಬ ಮುಳ್ಳು. ಆದರೆ ಹೂವಿನ ಬಳಿ ಮೂಗು ಒಡ್ಡಿದರೆ ಬರುವುದು ಕೊಬ್ಬರಿಯ ವಾಸನೆ! ಕರಾವಳಿಯಲ್ಲಿ ಹುಟ್ಟಿ ಬೆಳೆದ ನನಗೆ ಇಷ್ಟು ದೂರದ ಚಳಿಯಲ್ಲಿ ಆ ವಾಸನೆ ಸಿಕ್ಕಿದ್ದು ಎಷ್ಟು ಹಿತವಾಯಿತೆಂದರೆ, ಹಿಂದೆ ಆಡುತ್ತ ಬರುತ್ತಿದ್ದವರಿಗೆ ದಾರಿ ಬಿಟ್ಟುಕೊಟ್ಟು ಎರಡು ನಿಮಿಷ ಅಲ್ಲೇ ನಿಂತುಬಿಟ್ಟೆ.

ಇದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್, ಮೇ ತಿಂಗಳ ಒಂದು ಸೋಮವಾರ. ನಾವು ಗಾಲ್ಫ್ ಆಡುತ್ತಿರುವುದು ನ್ಯೂ ಕೋರ್ಸ್ ಎಂಬ ಮೈದಾನದಲ್ಲಿ. ಹೆಸರಷ್ಟೇ ಹೊಸದು, ತೆರೆದದ್ದು 1895ರಲ್ಲಿ. ಪಕ್ಕದ ಓಲ್ಡ್ ಕೋರ್ಸಿಗೆ ಜನ ಹೆಚ್ಚಾದಾಗ ಇಲ್ಲಿನ ಹೆಸರಾಂತ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ ಅವರ ಕೈಯಲ್ಲಿ ರೂಪುಗೊಂಡ ಮೈದಾನ. ಓಲ್ಡ್ ಕೋರ್ಸಿಗೂ ಪ್ರಯತ್ನಿಸಿದ್ದೆವು. ಆಡುವ ದಿನಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ ಎರಡರೊಳಗೆ ಹೆಸರು ಕೊಟ್ಟರೆ ಚೀಟಿ ಎತ್ತುತ್ತಾರೆ. ಶನಿವಾರ ಸಂಜೆ ಬಂದ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. "ಇರಲಿ ಬಿಡು, ನಾಳೆ ಹೇಗೂ ಅದರ ಮೇಲೆ ನಡೆಯಬಹುದಲ್ಲ" ಎಂದರು ನನ್ನವರು.

ಅವರ ಮಾತು ನಿಜ. ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟವಿಲ್ಲ, ಅಂದು ಅದು ಊರಿನ ಉದ್ಯಾನ. ಈ ದೃಶ್ಯ ಹಿಂದಿನ ದಿನದ್ದು. ನಾಯಿ ಹಿಡಿದು ಬಂದವರು, ಮಗುವಿನ ಗಾಡಿ ತಳ್ಳುತ್ತಿರುವವರು, ಸ್ವಿಲ್ಕನ್ ತೊರೆಯ ಪುಟ್ಟ ಕಲ್ಲಿನ ಸೇತುವೆಯ ಮೇಲೆ ಸಾಲುಗಟ್ಟಿ ಫೋಟೊ ತೆಗೆಸಿಕೊಳ್ಳುವವರು. ಆಟದಲ್ಲಿ ಚೆಂಡನ್ನು ಕುಳಿಗೆ ಸೇರಿಸುವ ಒಂದೊಂದು ಹಂತಕ್ಕೆ ಹೋಲ್ ಎನ್ನುತ್ತಾರೆ. ಮೊದಲ ಮತ್ತು ಕೊನೆಯ ಹೋಲ್‌ಗಳಿಗೆ ಅಡ್ಡಲಾಗಿ ಒಂದು ಸಾರ್ವಜನಿಕ ರಸ್ತೆಯೇ ಹಾದುಹೋಗುತ್ತದೆ. ಎಲ್ಲೂ ಕಾಂಪೌಂಡ್ ಇಲ್ಲ, ನೀವು ಯಾರ ಅತಿಥಿ ಎಂದು ಕೇಳುವ ಕಾವಲುಗಾರನೂ ಇಲ್ಲ. ನಮ್ಮ ಕಡೆ ಒಂದು ಊರಿನಲ್ಲಿ, ಸದಸ್ಯರು ಜೊತೆಗಿಲ್ಲದೆ ಒಳಗೆ ಬಿಡುವುದಿಲ್ಲ ಎಂದು ಗೇಟಿನಿಂದಲೇ ವಾಪಸು ಬಂದವಳು ನಾನು. ಅದಕ್ಕೇ ಇಲ್ಲಿ ಇಷ್ಟು ಹೊತ್ತು ಕ್ಯಾಮೆರಾ ತಿರುಗಿಸುತ್ತ ನಿಂತಿದ್ದೇನೆ.

ಈ ನೆಲ ಊರಿನವರದಾಗಿ ಉಳಿದದ್ದು ತಾನಾಗಿ ಅಲ್ಲ. ಇಲ್ಲಿ ಆಡುವ ಹಕ್ಕು ಊರಿನವರಿಗಿದೆ ಎಂದು 1552ರಷ್ಟು ಹಿಂದೆಯೇ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಅವರ ಸನ್ನದಿನಲ್ಲಿ ಬರೆದಿತ್ತು. 1797ರಲ್ಲಿ ಪುರಸಭೆ ಸಾಲಕ್ಕೆ ಸಿಕ್ಕಿ ನೆಲವನ್ನು ಕೈಬಿಟ್ಟಿತು, ಅದು ಮೊಲ ಸಾಕುವ ವ್ಯಾಪಾರಿಗಳ ಪಾಲಾಯಿತು. ಕುಳಿಯ ಸುತ್ತಲಿನ ನುಣುಪು ಹುಲ್ಲುನೆಲಕ್ಕೆ ಗ್ರೀನ್ ಎನ್ನುತ್ತಾರೆ, ಆ ಗ್ರೀನ್‌ಗಳ ತುಂಬ ಮೊಲದ ಬಿಲ! ಆಟಗಾರರಿಗೂ ಮೊಲದವರಿಗೂ ವರ್ಷಗಟ್ಟಲೆ ಜಗಳ, ಕೋರ್ಟು ಕಚೇರಿ. ಕೊನೆಗೆ 1821ರಲ್ಲಿ ಜೇಮ್ಸ್ ಚೀಪ್ ಎಂಬ ಸ್ಥಳೀಯ ಜಮೀನುದಾರರು ಈ ನೆಲವನ್ನು ಕೊಂಡು ಆಟಕ್ಕೆ ಉಳಿಸಿಕೊಟ್ಟರು. 1894ರಲ್ಲಿ ಅದು ಮತ್ತೆ ಊರಿನ ಕೈಗೆ ಬಂತು. ಈಗ ನೋಡಿಕೊಳ್ಳುವುದು ಒಂದು ಟ್ರಸ್ಟ್.

ಈಗ ಸೋಮವಾರದ ಆಟಕ್ಕೆ ಬರೋಣ. ಸರದಿಯಂತೆ ಆಟ ಶುರುಮಾಡಿಸುವ ಸ್ಟಾರ್ಟರ್ ನಮ್ಮಿಬ್ಬರ ಜೊತೆಗೆ ಊರಿನವರೇ ಆದ ಒಬ್ಬ ಹಿರಿಯ ಮಹಿಳೆಯನ್ನು ಸೇರಿಸಿದರು. ವಯಸ್ಸು ಎಪ್ಪತ್ತು ದಾಟಿದೆ. ಹೆಗಲಲ್ಲಿ ತೆಳ್ಳನೆಯ ಚೀಲ, ಅದರಲ್ಲಿ ಆರೇ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು. ಅವರ ಅನುಮತಿಯಂತೆ ಮುಖ ತೋರಿಸುತ್ತಿಲ್ಲ, ಕೈಗಳನ್ನು ಮಾತ್ರ ತೋರಿಸುತ್ತೇನೆ. ಆ ಕೈಗಳೇ ನನಗೆ ಅಂದಿನ ಪಾಠ.

ನಾನು ಆಟ ಕಲಿತದ್ದು ಮಂಗಳೂರಿನ ಪಿಲಿಕುಳದಲ್ಲಿ. ಅಲ್ಲಿ ಮಳೆ ಹಿಡಿದ ನೆಲದಲ್ಲಿ ಚೆಂಡು ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಎತ್ತರಕ್ಕೆ ಹೊಡೆದು ಗ್ರೀನ್ ಮೇಲೇ ಇಳಿಸುವುದು ನನಗೆ ರೂಢಿ. ಇಲ್ಲಿ ಮೊದಲ ಹೋಲ್‌ನಲ್ಲಿ ಹಾಗೆಯೇ ಹೊಡೆದೆ. ಗಾಳಿ ಚೆಂಡನ್ನು ಮೂವತ್ತು ಗಜ ಬಲಕ್ಕೆ ಒಯ್ದಿತು. ಎರಡನೆಯದರಲ್ಲಿ ಗುರಿ ಸರಿಯಿತ್ತು, ಆದರೆ ಗ್ರೀನ್ ಮೇಲೆ ಬಿದ್ದ ಚೆಂಡು ಕಲ್ಲಿನ ಮೇಲೆ ಬಿದ್ದಂತೆ ಪುಟಿದು ಹಿಂದಿನ ಇಳಿಜಾರಿಗೆ ಹೋಯಿತು. ಲಿಂಕ್ಸ್ ಎಂದರೆ ಕಡಲಿಗೂ ಉಳುವ ಹೊಲಕ್ಕೂ ನಡುವಿನ ಮರಳುನೆಲ. ಮಳೆನೀರು ಬಿದ್ದಷ್ಟೇ ಬೇಗ ಇಂಗಿಹೋಗುತ್ತದೆ. ಮೇಲಿನ ಹುಲ್ಲು ಕೂದಲೆಳೆಯಷ್ಟು ಸಣ್ಣದು, ಕೆಳಗಿನ ನೆಲ ಗಟ್ಟಿ. ಕಾಲಡಿಗೆ ಸಿಗುವುದು ಹೊಸ ಚಾಪೆಯ ಬಿಗಿ.

ಮೂರನೆಯ ಹೋಲ್‌ನಲ್ಲಿ ಗ್ರೀನ್‌ಗೆ ಇನ್ನೂ ಇಪ್ಪತ್ತೈದು ಗಜ ಇರುವಾಗ ನಾನು ಚೆಂಡನ್ನು ಎತ್ತರಕ್ಕೆ ಎತ್ತುವ ವೆಜ್ ಕ್ಲಬ್ ತೆಗೆದೆ. ಆ ಹಿರಿಯರು ಮಾತಾಡದೆ ನನ್ನ ಚೀಲದಿಂದ ಪಟರ್, ಅಂದರೆ ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್, ಎಳೆದು ಕೈಗಿತ್ತರು. ಇಷ್ಟು ದೂರದಿಂದ ಪಟರ್ ಹಿಡಿಯುವುದೇ? ಹಿಡಿದೆ. ಈ ಹೊಡೆತವನ್ನು ಪೂರ್ತಿ ತೋರಿಸುತ್ತೇನೆ, ಕತ್ತರಿಸಿಲ್ಲ. ಚೆಂಡು ಮೊದಲು ಸಣ್ಣ ದಿಬ್ಬ ಏರುತ್ತದೆ, ಅಲ್ಲಿ ನಿಂತೇಬಿಟ್ಟಿತು ಅನ್ನಿಸುತ್ತದೆ. ಆಮೇಲೆ ಎಡಕ್ಕೆ ವಾಲಿ, ತಗ್ಗಿನಲ್ಲಿ ಮರೆಯಾಗಿ, ಮತ್ತೆ ಕಾಣಿಸಿಕೊಂಡು ಕುಳಿಯಿಂದ ನಾಲ್ಕು ಅಡಿ ದೂರದಲ್ಲಿ ನಿಲ್ಲುತ್ತದೆ. ಗಾಳಿಗೆ ಚೆಂಡನ್ನು ಕೊಡಬಾರದು, ನೆಲಕ್ಕೆ ಕೊಡಬೇಕು ಎಂದು ಅವರು ಆಗ ಹೇಳಿದರು. ಅಲ್ಲಿಂದ ಮುಂದೆ ನಾನು ಮೇಲೆ ನೋಡುವುದನ್ನು ಬಿಟ್ಟು ಕೆಳಗೆ ನೋಡತೊಡಗಿದೆ. ಹೊಸ ಮೈದಾನವೆಂದರೆ ಅಂತರ ಅಳೆಯುವುದು ಎಂದುಕೊಂಡಿದ್ದೆ. ಇಲ್ಲಿ ನೂರೈವತ್ತು ಗಜ ಎಂಬುದಕ್ಕೆ ಅರ್ಥವೇ ಇಲ್ಲ. ಗಾಳಿ ಬೆನ್ನಿಗಿದ್ದರೆ ಅದೇ ದೂರಕ್ಕೆ ಹತ್ತಿರದ ಹೊಡೆತದ ಒಂಬತ್ತನೆಯ ಐರನ್ ಕ್ಲಬ್ ಸಾಕು, ಎದುರಿಗಿದ್ದರೆ ದೂರ ಹೊಡೆಯುವ ವುಡ್ ಕ್ಲಬ್ಬೂ ಸಾಲದು.

ಇದು ಬಂಕರ್, ಚೆಂಡು ಸಿಕ್ಕಿಬೀಳುವ ಮರಳಿನ ಗುಂಡಿ. ಹುಲ್ಲಿನ ಹೆಂಟೆಗಳನ್ನು ಇಟ್ಟಿಗೆಯಂತೆ ಪದರ ಪದರವಾಗಿ ಅಡಕಿ ಕಟ್ಟಿದ ಗೋಡೆ, ಬಾವಿಯ ಬಳೆಯ ಹಾಗೆ. ಒಳಗೆ ಇಳಿದರೆ ಗಾಳಿ ಥಟ್ಟನೆ ನಿಲ್ಲುತ್ತದೆ, ತಲೆಯ ಮೇಲೆ ಆಕಾಶ ಮಾತ್ರ. ಗಾಳಿಗೆ ಹೆದರಿ ಕುರಿಗಳು ಮುದುಡಿಕೊಂಡು ಕೆದಕಿದ ಗುಂಡಿಗಳೇ ಬಂಕರ್‌ಗಳಾದವು ಎಂದು ಹೇಳುತ್ತಾರೆ. ಒಳಗೆ ನಿಂತರೆ ಆ ಮಾತನ್ನು ನಂಬಬೇಕೆನಿಸುತ್ತದೆ. ನಾನು ಚೆಂಡನ್ನು ಹಿಂದಕ್ಕೆ ಹೊಡೆದು ಹೊರಬಂದೆ.

ಒಂಬತ್ತನೆಯ ಹೋಲ್‌ನ ಹತ್ತಿರ ಈಡನ್ ನದಿಯ ಅಳಿವೆ ಕಾಣಿಸುತ್ತದೆ. ಇಳಿತದ ಹೊತ್ತು, ಕೆಸರು ಮರಳು ಹೊಳೆಯುತ್ತಿದೆ. ಅಲ್ಲಿಂದ ತಿರುಗಿದರೆ ಊರಿನ ಗೋಪುರಗಳು ಎದುರಿಗೆ, ಗಾಳಿಯೂ ಎದುರಿಗೆ. ಉಳಿದ ಒಂಬತ್ತು ಹೋಲ್‌ಗಳನ್ನು ಬೇಗ ಓಡಿಸುತ್ತಿದ್ದೇನೆ, ಮಳೆ ಹನಿಯಿಂದ ಲೆನ್ಸ್ ಮಂಜಾಗಿದೆ. ನನ್ನ ಒಟ್ಟು ಹೊಡೆತ ನೂರಾ ನಾಲ್ಕು. ಹದಿನೆಂಟನೆಯ ಹೋಲ್ ಮುಗಿದಾಗ ಆ ಹಿರಿಯರು ಟೋಪಿ ತೆಗೆದು ಕೈ ಕುಲುಕಿದರು, ಚೀಲ ಹೆಗಲಿಗೇರಿಸಿ ಮನೆಗೆ ನಡೆದೇ ಹೋದರು.

ಹೋಗುವಾಗ, "ಹಿಮಾಲಯಾಸ್‌ಗೆ ಹೋಗದೆ ರೈಲು ಹತ್ತಬೇಡಿ" ಎಂದರು. ಈ ಊರಿನ ಹಿಮಾಲಯವೆಂದರೆ ಪಟರ್‌ನಿಂದ ಚೆಂಡು ಉರುಳಿಸಿ ಆಡುವ, ಏರುತಗ್ಗಿನ ಒಂದು ಪಟ್ಟಿಂಗ್ ಗ್ರೀನ್. ಹೆಂಗಸರು ಭುಜಕ್ಕಿಂತ ಮೇಲೆ ಕ್ಲಬ್ ಎತ್ತುವುದು ಸಭ್ಯವಲ್ಲ ಎನ್ನುತ್ತಿದ್ದ ಕಾಲದಲ್ಲಿ, 1867ರಲ್ಲಿ, ಇಲ್ಲಿನ ಹೆಂಗಸರು ತಮ್ಮದೇ ಪಟ್ಟಿಂಗ್ ಕ್ಲಬ್ ಕಟ್ಟಿಕೊಂಡರು. ಎದುರಿನ ರಾಯಲ್ ಅಂಡ್ ಏನ್ಷಿಯೆಂಟ್ (ಆರ್ ಅಂಡ್ ಎ) ಗಾಲ್ಫ್ ಕ್ಲಬ್ ಹೆಂಗಸರನ್ನು ಸದಸ್ಯರಾಗಿ ಒಪ್ಪಿದ್ದು 2014ರಲ್ಲಿ. ನಡುವೆ ನೂರನಲವತ್ತೇಳು ವರ್ಷ! ಆ ಲೆಕ್ಕ ನನ್ನನ್ನು ಕಾಡಿತು. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದ ಬೆಳಗ್ಗೆ, ಟಿವಿಯ ಮುಂದೆ ಕುಳಿತು ಕಣ್ಣೊರೆಸಿಕೊಂಡು, ನಾನೂ ಕಲಿಯುತ್ತೇನೆ ಎಂದು ಎದ್ದವಳು ನಾನು. ಆಗ ನನಗೆ ನಲವತ್ತಮೂರು.

ಹಿಮಾಲಯಾಸ್‌ನಲ್ಲಿ ಸಣ್ಣ ಶುಲ್ಕ ಕೊಟ್ಟರೆ ಪಟರ್ ಮತ್ತು ಚೆಂಡು ಅವರೇ ಕೊಡುತ್ತಾರೆ, ಯಾರು ಬೇಕಾದರೂ ಆಡಬಹುದು. ನಮ್ಮ ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಅಜ್ಜನ ಜೊತೆ ಆಡುತ್ತಿದ್ದಳು. ಕೊನೆಯ ಹೋಲ್‌ನಲ್ಲಿ ನನ್ನ ಚೆಂಡು ಕೊಡಪಾನ ಮಗುಚಿಟ್ಟಂತಹ ಎರಡು ದಿಬ್ಬಗಳನ್ನು ದಾಟಬೇಕಿತ್ತು. ನನ್ನವರು ಕ್ಯಾಮೆರಾ ಹಿಡಿದಿದ್ದರು. ಚೆಂಡು ಕುಳಿಯೊಳಗೆ ಬಿದ್ದ ಸದ್ದು ಗಾಳಿಯಲ್ಲಿ ದಾಖಲಾಗಿಲ್ಲ. ಆದರೆ ಆ ಹುಡುಗಿಯ ಚಪ್ಪಾಳೆ ಕೇಳಿಸುತ್ತದೆ, ಧ್ವನಿ ಸ್ವಲ್ಪ ಹೆಚ್ಚಿಸಿಕೊಳ್ಳಿ.